ಬೋಣಿ ತೂಕ

ಲಾರಿ ತೂಗಿಸಲು ಬರುವವರಲ್ಲಿ ಒಬ್ಬನನ್ನೂ ನಾನು ನಂಬುವುದಿಲ್ಲ. ಲೋಡ್ ತೂಗುವಾಗ ಟಾರ್ಪಾಲಿನ ಕೆಳಗೆ ಕ್ಲೀನರ್ ಉಸಿರು ಬಿಗಿಹಿಡಿದು ಮಲಗಿರುತ್ತಾನೆ. ಖಾಲಿ ಗಾಡಿ ತೂಗುವಾಗ ಅದೇ ಕ್ಲೀನರ್ ಬೀಡಿ ಹಚ್ಚುವ ನೆಪದಲ್ಲಿ ಕೆಳಗಿಳಿದು ನಿಂತಿರುತ್ತಾನೆ. ಹುಣಸೆಹಣ್ಣಿನ ಮೂಟೆಗಳ ನಡುವೆ ಚಪ್ಪಡಿ ಕಲ್ಲು ಸಿಕ್ಕಿದೆ. ಸೀಟಿನ ಹಿಂದೆ ನೀರು ತುಂಬಿದ ಡ್ರಮ್ಮು ಸಿಕ್ಕಿದೆ. ಕೇಳಿದರೆ ಎಲ್ಲರದ್ದೂ ಒಂದೇ ಮಾತು, "ಅಯ್ಯೋ, ನಂಗೊತ್ತೇ ಇಲ್ಲ ಕಣಮ್ಮ." ಗುಬ್ಬಿ ರಸ್ತೆಯ ನಮ್ಮ ವೇಬ್ರಿಡ್ಜಿನಲ್ಲಿ ಕೂತು ಕೂತು ನನ್ನ ಕಣ್ಣೇ ಹೀಗಾಗಿದೆ. ಮದುವೆಮನೆಗೆ ಹೋದರೂ ಯಾರು ಎಲೆಯ ಕೆಳಗೆ ಹೋಳಿಗೆ ಬಚ್ಚಿಟ್ಟರು ಎಂದು ನೋಡುತ್ತಿರುತ್ತೇನೆ.

ಮೊದಲು ಆ ಕುರ್ಚಿಯಲ್ಲಿ ಕೂರುತ್ತಿದ್ದವರು ನಮ್ಮ ಯಜಮಾನರು, ಚನ್ನವೀರಯ್ಯನವರು. ನನ್ನ ಹಾಗೆ ಕೂಗಾಡುವ ಜನ ಅಲ್ಲ. ಲಾರಿ ಪ್ಲಾಟ್‌ಫಾರಂ ಹತ್ತಿದ ರೀತಿಯಲ್ಲೇ ಅವರಿಗೆ ಮೋಸ ತಿಳಿದುಬಿಡುತ್ತಿತ್ತು. ದನಿ ಏರಿಸದೆ ಡ್ರೈವರ್‌ಗೆ ಹೇಳುತ್ತಿದ್ದರು, "ಒಳಗಿರೋದನ್ನ ಕೆಳಗಿಟ್ಟು ಇನ್ನೊಂದ್ಸಲ ಹತ್ತಪ್ಪಾ." ಅಷ್ಟಕ್ಕೇ ಗಡವ ಗಂಡಸರು ತಲೆ ತಗ್ಗಿಸಿಕೊಂಡು ಕಲ್ಲು ಇಳಿಸುತ್ತಿದ್ದರು. ಒಮ್ಮೆ ಹಾಗೇ ಟಾರ್ಪಾಲು ಎತ್ತಿ ನೋಡಲು ಲಾರಿ ಹತ್ತಿದವರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಈಗ ವಾಕರ್ ಹಿಡಿದು ಬಚ್ಚಲಿಗೆ ಹೋಗಿಬರುವುದೇ ದೊಡ್ಡದು. ಆಫೀಸಿನ ಹಿಂದೆಯೇ ಇರುವ ಮನೆಯ ನಡುಕೋಣೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇಟ್ಟುಕೊಂಡು, ಪೆನ್‌ಡ್ರೈವಿನಲ್ಲಿ ತುಂಬಿಸಿಕೊಂಡ ಮಠದ ಪ್ರವಚನಗಳನ್ನು ಕೇಳುತ್ತಾ ಕೂತಿರುತ್ತಾರೆ. ಕುರ್ಚಿ ನನಗೆ ಬಂತು. ಈ ಲೋಕದಲ್ಲಿ ನಾನು ಪೂರ್ತಿ ನಂಬುವ ಜೀವ ಅವರೊಬ್ಬರೇ ಎಂದುಕೊಂಡಿದ್ದೆ.

ಅವರ ಕಾಲದ ಒಂದು ಪದ್ಧತಿಯನ್ನು ನಾನು ಬಿಟ್ಟಿಲ್ಲ. ಬೆಳಿಗ್ಗೆ ಪೂಜೆ ಮುಗಿದ ಮೇಲೆ ಪ್ಲಾಟ್‌ಫಾರಮಿಗೆ ವಿಭೂತಿ ಹಚ್ಚಿ, ಮೊದಲ ಲಾರಿ ಬರುವುದಕ್ಕೆ ಮುಂಚೆ ಮನೆಯವರೊಬ್ಬರು ಚಪ್ಪಲಿ ಬಿಟ್ಟು ಅದರ ಮೇಲೆ ನಿಲ್ಲಬೇಕು. ಅದು ಬೋಣಿ ತೂಕ. ಬೇರೆಯವರನ್ನು ತೂಗುವವರು ಮೊದಲು ತಾವು ತೂಗಿಸಿಕೊಳ್ಳಬೇಕು ಎನ್ನುವುದು ಅವರ ಲೆಕ್ಕ. ಮೊದಲು ಅವರು ನಿಲ್ಲುತ್ತಿದ್ದರು, ಈಗ ನಾನು ನಿಲ್ಲುತ್ತೇನೆ. ಪಕ್ಕದ ಕ್ಯಾಬಿನ್ನಿನಲ್ಲಿ ತೂಕ ತೋರಿಸುವ ಪೆಟ್ಟಿಗೆಯ ಮುಂದೆ ಕೂತ ನಮ್ಮ ಕೆಲಸದ ಹುಡುಗಿ ನೇತ್ರಾವತಿ ಅಂಕಿ ಓದಿ ಹೇಳುತ್ತಾಳೆ. ಚೀಟಿ ಹಾಕುವುದಿಲ್ಲ. ಆ ಅಂಕಿ ನನ್ನನ್ನೂ ಅವಳನ್ನೂ ಬಿಟ್ಟು ಮೂರನೆಯವರಿಗೆ ಗೊತ್ತಾಗುವ ದಾರಿ ಇರಲಿಲ್ಲ.

ಹಾಗಿರುವಾಗ ಒಂದು ದಿನ ಊಟಕ್ಕೆ ಕೂತಾಗ ಯಜಮಾನರು ಕೇಳಿಬಿಟ್ಟರು.

"ಐದು ಕೆಜಿ ಇಳಿದೋಗಿದೀಯಲ್ಲೇ ರುದ್ರಿ. ತುಮಕೂರಿಗೆ ಹೋಗಿ ಡಾಕ್ಟ್ರಿಗೆ ತೋರ್ಸಬಾರ್ದಾ?"

ತೆಳ್ಳಗಾಗಿದ್ದೀಯ ಎಂದಿದ್ದರೆ ಸರಿ, ಕಣ್ಣಿಗೆ ಕಾಣುವ ಮಾತು. ಐದು ಕೆಜಿ ಎಂದು ಅಂಕಿ ಹೇಳಿದರಲ್ಲ! ಅರವತ್ತು ಇದ್ದವಳು ಐವತ್ತೈದಕ್ಕೆ ಇಳಿದದ್ದು ನಿಜ. ಇದನ್ನು ಮನೆಯವರೆಗೆ ಮುಟ್ಟಿಸಿದವರು ಯಾರು? ನೇತ್ರಾವತಿ ತಾನೆ? ಆ ಹುಡುಗಿಯ ನಾಲಿಗೆ ಸಡಿಲ ಎಂದು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಡಾಕ್ಟರ ಹತ್ತಿರ ಹೋಗುವ ಮಾತಂತೂ ದೂರ. ವೇಬ್ರಿಡ್ಜನ್ನು ಯಾರ ಕೈಗೆ ಕೊಟ್ಟು ಹೋಗಲಿ?

ಅದೇ ಹೊತ್ತಿಗೆ ಬಸವರಾಜ್ ಬಂದರು. ಹುಣಸೆಹಣ್ಣಿನ ವ್ಯಾಪಾರಿ. ಗುಬ್ಬಿ, ಕುಣಿಗಲ್ ಸುತ್ತಿನ ಹಳ್ಳಿಗಳ ಸರಕೆಲ್ಲ ಅವರ ಲಾರಿಗಳಲ್ಲೇ ತುಮಕೂರಿನ ಮಂಡಿಗೆ ಹೋಗುತ್ತದೆ, ಹೋಗುವ ಮುಂಚೆ ನಮ್ಮಲ್ಲಿ ತೂಗುತ್ತದೆ. ಸೀಸನ್ನಿನಲ್ಲಿ ನಮ್ಮ ಒಲೆ ಉರಿಯುವುದೇ ಅವರಿಂದ.

"ಶಿವರುದ್ರಮ್ಮೋರೆ, ನಿಮ್ಮಲ್ಲಿ ಏನೋ ಸೋರ್ತಾ ಐತೆ," ಎಂದರು, ನಿಂತುಕೊಂಡೇ. "ನನ್ ಲಾರಿ ಇನ್ನೂ ದಾರೀಲಿರ್ತದೆ, ಅಷ್ಟರಲ್ಲಿ ಎಷ್ಟು ಲೋಡು ಅಂತ ಮಂಡೀಲಿ ಮಾತಾಡ್ತಿರ್ತಾರೆ. ಜಾಸ್ತಿ ಸರಕು ಬರ್ತದೆ ಅಂತ ಗೊತ್ತಾದ್ರೆ ರೇಟು ಬೀಳಿಸ್ತಾರೆ. ಯಾರು ಅಂತ ಹುಡುಕ್ತೀರೋ, ಇಲ್ಲಾ ನಾನು ಬೈಪಾಸ್ ಹತ್ರದ ವೇಬ್ರಿಡ್ಜಿಗೆ ಹೋಗ್ಲೋ, ಈ ವಾರದೊಳಗೆ ಹೇಳ್ಬುಡಿ."

ಅವರು ಹೋದರೆ ಅವರ ಹಿಂದೆ ಉಳಿದವರೂ ಹೋಗುತ್ತಾರೆ. ಸುಳ್ಳು ತೂಕ ಎಂದು ಯಾರೂ ಬೆರಳು ತೋರಿಸದ ಜಾಗಕ್ಕೆ ಚಾಡಿಕೋರರ ಜಾಗ ಎಂಬ ಹೆಸರು ಬಂದರೆ ಮುಗಿಯಿತು. ಅದರ ಮೇಲೆ, ಆ ವಾರವೇ ಆಫೀಸಿನಲ್ಲಿ ಚೀಟಿ ಪ್ರಿಂಟ್ ಮಾಡುವ ಕಂಪ್ಯೂಟರ್ ಸತ್ತುಹೋಯಿತು. ನೇತ್ರಾವತಿ ಕ್ಯಾಬಿನ್ನಿನ ಪೆಟ್ಟಿಗೆ ನೋಡಿ ಕೈಯಲ್ಲೇ ಚೀಟಿ ಬರೆಯತೊಡಗಿದಳು. ಆಫೀಸಿನ ಕಂಪ್ಯೂಟರ್ ಸತ್ತಿದ್ದರೂ ಬಸವರಾಜರ ಲೋಡಿನ ಸುದ್ದಿ ಮಂಡಿಗೆ ಹೋಗುವುದು ನಿಲ್ಲಲಿಲ್ಲ. ಅಲ್ಲಿಗೆ ನನ್ನ ಲೆಕ್ಕ ಪಕ್ಕಾ ಆಯಿತು. ಕಂಪ್ಯೂಟರ್ ರಿಪೇರಿಯಾಗಲಿ, ಆ ಸಂಜೆಯೇ ನೇತ್ರಾವತಿಯನ್ನು ಮನೆಗೆ ಕಳಿಸುವುದು ಎಂದು ತೀರ್ಮಾನಿಸಿದೆ.

ರಿಪೇರಿಗೆ ಬಂದವನು ಅಂಜನ್‌ಕುಮಾರ್. ಕೋರದ ಕಡೆಯವನು, ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ, ವಾರದ ರಜೆಯಲ್ಲಿ ಇಂಥ ಕೆಲಸಗಳಿಗೆ ಬೈಕ್ ಹತ್ತಿ ಬರುತ್ತಾನೆ. ಜೇಬಿನ ತುಂಬ ಹುರಿಗಡಲೆ. ಕೇಳದ ಪ್ರಶ್ನೆಗೂ ಉತ್ತರ ಕೊಡುವ ಚಾಳಿ. ಸತ್ತ ಕಂಪ್ಯೂಟರಿನ ಬದಲು ಸೆಕೆಂಡ್ ಹ್ಯಾಂಡ್ ಒಂದನ್ನು ತಂದು ಮೇಜಿನ ಮೇಲಿಟ್ಟು, ಹಳೆಯದರ ಹೊಟ್ಟೆ ಬಿಚ್ಚಿ, ಅದರಿಂದ ಒಂದು ಹಸಿರು ಹಲಗೆಯನ್ನು ಹುಷಾರಾಗಿ ಎಳೆದ.

"ಅದ್ಯಾಕೆ ಬಿಚ್ತಿದೀಯ?" ಎಂದೆ.

"ನೆಟ್‌ವರ್ಕ್ ಕಾರ್ಡು ಅಮ್ಮ. ಕ್ಯಾಬಿನ್ನಿನ ತೂಕ ಈ ಕಂಪ್ಯೂಟರಿಗೆ ಬರೋದು ಇದ್ರಿಂದ್ಲೇ. ಇದು ಅಜ್ಜನ ಕಾಲದ್ದು. ವೈರ್ ಸಿಗಿಸೋಕೆ ಗುಂಡು ಬಾಯಿ ಐತೆ ನೋಡಿ, ಈಗಿನ ಯಾವ ಕಾರ್ಡಲ್ಲೂ ಇದು ಇರಲ್ಲ. ಕ್ಯಾಬಿನ್ನಿಂದ ಬರೋ ವೈರೂ ಗುಂಡಿಂದೇ. ವೈರ್ ಬದಲಾಯ್ಸಬೇಕಂದ್ರೆ ಅಂಗಳದ ಕಾಂಕ್ರೀಟ್ ಒಡೀಬೇಕು, ಕ್ಯಾಬಿನ್ ಪೆಟ್ಟಿಗೇನೂ ಬಿಸಾಕ್ಬೇಕು. ಸೀಸನ್ನಲ್ಲಿ ಬೇಡ. ಇದನ್ನೇ ಹೊಸ ಡಬ್ಬಕ್ಕೆ ಹಾಕಿ, ಕಂಪ್ಯೂಟರ್ ನಡೆಸೋಕೆ ಲಿನಕ್ಸ್ ಅಂತ ಒಂದು ಪ್ರೋಗ್ರಾಮ್ ಐತೆ, ಅದನ್ನ ಹಾಕ್ಕೊಡ್ತೀನಿ."

"ಅದಕ್ಕೆಷ್ಟು?"

"ಫ್ರೀ."

ಫ್ರೀ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. "ಯಾರಪ್ಪಾ ಕೊಡೋನು ಫ್ರೀಯಾಗಿ?"

"ಪ್ರಪಂಚದವರೆಲ್ಲ ಸೇರಿ ಬರ್ದಿರೋದು. ದಾಸೋಹ ಅನ್ಕೊಳಿ. ಮಠದಲ್ಲಿ ಊಟ ಹಾಕಲ್ವಾ, ಹಂಗೆ."

"ಮಠದಲ್ಲಿ ಅಡುಗೆ ಮಾಡ್ದೋರು ಯಾರು ಅಂತ ಗೊತ್ತಿರ್ತದೆ."

"ಇಲ್ಲೂ ಗೊತ್ತಿರ್ತದೆ. ಹೆಸರು ಹಾಕ್ಕೊಂಡವ್ರೆ. ಏನೇನು ಹಾಕಿ ಬೇಯ್ಸಿದ್ರು ಅನ್ನೋದನ್ನೂ ಬರ್ದವ್ರೆ. ಯಾರು ಬೇಕಾದ್ರೂ ಓದ್ಬೋದು."

ಅವನು ಬಾಯಿ ಮುಚ್ಚುವವರೆಗೂ ಕಾದು, ಅವನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಕೂತೆ. ಕಾರ್ಡು ಹಾಕಿದ, ಲಿನಕ್ಸ್ ಹಾಕಿದ, ತೆರೆಯ ಮೇಲೆ ಬಿಳಿ ಅಕ್ಷರಗಳು ಹರಿದವು. ಕಾರ್ಡು ಕಾಣಿಸಿತಂತೆ, ಆದರೆ ಮಾತಾಡಲಿಲ್ಲವಂತೆ. ಅದಕ್ಕೆ ಡ್ರೈವರ್ ಬೇಕಂತೆ. ಡ್ರೈವರ್ ಎಂದರೆ ನನಗೆ ಮೊದಲೇ ಆಗದು. ಆದರೆ ಇದು ಬೇರೆ: ಕಾರ್ಡಿನ ಭಾಷೆಯನ್ನು ಕಂಪ್ಯೂಟರಿಗೆ ಬಿಡಿಸಿ ಹೇಳುವ ಒಂದು ಸಣ್ಣ ಪ್ರೋಗ್ರಾಮು. ಇಂಥ ಹಳೇ ಕಾರ್ಡನ್ನು ಈಗ ಯಾರೂ ಬಳಸುವುದಿಲ್ಲವೆಂದು ಅವನು ತಂದ ಹೊಸ ಲಿನಕ್ಸಿನಲ್ಲಿ ಅದನ್ನು ಕೈಬಿಟ್ಟಿದ್ದರು. ಹಳೆಯದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಇಲ್ಲೇ ಸರಿಮಾಡಿ ಕಟ್ಟಬೇಕು.

"ನಿಮ್ ಕಂಪ್ಯೂಟರಿಗೆ ನನ್ ಫೋನು ಸಿಗಿಸ್ತೀನಿ, ಐದು ನಿಮಿಷ," ಎಂದ.

"ಸಿಗಿಸಬೇಡ."

"ಅಮ್ಮಾ, ನೆಟ್‌ವರ್ಕ್ ಕಾರ್ಡಿಗೆ ಡ್ರೈವರ್ ತರಬೇಕಂದ್ರೆ ನೆಟ್‌ವರ್ಕೇ ಬೇಕಲ್ಲ."

"ಇಲ್ಲಿರೋದು ಅಲ್ಲಿಗೆ ಹೋಗಲ್ಲ ಅಂತ ಏನು ಗ್ಯಾರಂಟಿ? ಆಚೆ ಹೋಗಿ ಇಳಿಸ್ಕೊಂಡು ಬಾ. ಪೆನ್‌ಡ್ರೈವಲ್ಲಿ ತಾ. ಕೆಲಸ ಆದ್ಮೇಲೆ ಪೆನ್‌ಡ್ರೈವು ನನ್ನತ್ರಾನೇ ಇರ್ಲಿ."

ಅವನು ಹುರಿಗಡಲೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. "ನನ್ ಮೇಲೆ ಡೌಟಾ?"

"ನಿನ್ನೊಬ್ಬನ ಮೇಲೇ ಅಲ್ಲ ಬುಡು," ಎಂದೆ. ಸಮಾಧಾನವಾಗಲಿ ಎಂದೇ ಹೇಳಿದ್ದು.

ಬೇವಿನ ಮರದ ಕೆಳಗೆ ನಿಂತು ಫೋನಿನಲ್ಲಿ ಏನೋ ಇಳಿಸಿಕೊಂಡು, ಪೆನ್‌ಡ್ರೈವಿಗೆ ತುಂಬಿಕೊಂಡು ಬಂದ. ತೆರೆಯ ಮೇಲೆ ಅಷ್ಟುದ್ದದ ಬರಹ ತೆರೆದುಕೊಂಡಿತು.

"ಓದು," ಎಂದೆ.

"ಏನ್ ಓದ್ಲಿ?"

"ಯಾರು ಬೇಕಾದ್ರೂ ಓದ್ಬೋದು ಅಂದ್ಯಲ್ಲ. ಏನು ಬರ್ದವ್ರೋ ಅದನ್ನ. ಕನ್ನಡದಲ್ಲಿ."

ಅವನು ನಕ್ಕ. ನಾನು ನಗಲಿಲ್ಲ. ಕೊನೆಗೆ ಬೆರಳಿಟ್ಟು ಓದಿದ. "ಇಲ್ಲಿ ಕಾರ್ಡಿಗೆ ಎದ್ದೇಳು ಅಂತಾನೆ. ಇಲ್ಲಿ ನಿನ್ ಹೆಸರೇನು ಅಂತ ಕೇಳ್ತಾನೆ. ಉತ್ತರ ಬರ್ಲಿಲ್ಲ ಅಂದ್ರೆ ಸ್ವಲ್ಪ ಕಾಯಿ ಅಂತಾನೆ. ಇಲ್ಲಿ ನೋಡಿ, ಪಕ್ಕದಲ್ಲಿ ತನಗೇ ಅಂತ ಬರ್ಕೊಂಡವ್ನೆ: ಈ ಸಾಲು ಯಾಕೆ ಬೇಕು ಅಂತ ನಂಗೂ ಗೊತ್ತಿಲ್ಲ, ತೆಗೆದ್ರೆ ಕಾರ್ಡು ನಿಂತೋಗ್ತದೆ, ಮುಟ್ಬೇಡಿ."

ಆ ಸಾಲು ಕೇಳಿದ ಮೇಲೆ ಅದನ್ನು ಬರೆದ ಪುಣ್ಯಾತ್ಮನ ಮೇಲೆ ನನಗೆ ಸ್ವಲ್ಪ ನಂಬಿಕೆ ಬಂತು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವವರನ್ನು ನಮ್ಮ ಪ್ಲಾಟ್‌ಫಾರಂ ಮೇಲೆ ನಾನು ಕಂಡವಳಲ್ಲ. ಸರಿ ಮಾಡು ಎಂದೆ.

ಅಂಜನ್ ಹೊಸ ಲಿನಕ್ಸಿಗೆ ಹೊಂದುವಂತೆ ಅದರಲ್ಲಿ ಅಲ್ಲಿ ಇಲ್ಲಿ ತಿದ್ದಿದ. ಕಟ್ಟಿದ. ತಪ್ಪು ಬಂತು, ಬೈದುಕೊಂಡ, ಮತ್ತೆ ಕಟ್ಟಿದ. ಕೊನೆಗೆ ಡ್ರೈವರ್ ಕೂತಿತು, ಕಾರ್ಡು ಹೆಸರೂ ಹೇಳಿತು. ಆದರೆ ತೂಕ ಬರಲಿಲ್ಲ. ಆ ಕಾರ್ಡಿಗೆ ಎರಡು ಬಾಯಿ: ಒಂದು ಚಪ್ಪಟೆ, ಒಂದು ಗುಂಡು. ಅದು ತನ್ನ ಪಾಡಿಗೆ ಚಪ್ಪಟೆ ಬಾಯಿಯ ಕಡೆ ಕಿವಿಗೊಟ್ಟು ಕೂತಿತ್ತಂತೆ. ಗುಂಡು ಬಾಯಿಯ ಕಡೆ ತಿರುಗು ಎಂದು ಒಂದು ಸಾಲಿನಲ್ಲಿ ಹೇಳಬೇಕಿತ್ತು. ಹೇಳುವ ಮುಂಚೆ ವೈರ್ ಸರಿಯಿದೆಯಾ ನೋಡುತ್ತೇನೆಂದು ಅಂಜನ್ ಅದನ್ನು ಕಳಚಿದ.

ಕಳಚಿ ಇನ್ನೂ ಕೆಳಗಿಟ್ಟಿರಲಿಲ್ಲ, ನನ್ನ ಫೋನು ಬಡಿದುಕೊಂಡಿತು. ಯಜಮಾನರು.

"ಅಲ್ಲೇನಾದ್ರೂ ಕೆಟ್ಟೋಯ್ತಾ ರುದ್ರಿ?"

"ಕೆಟ್ಟಿರೋದು ಯಾವಾಗ್ಲೋ ಕೆಟ್ಟೈತೆ. ರಿಪೇರಿ ಮಾಡ್ತಾವ್ನೆ."

"ಹಂಗಾ. ಸರಿ ಸರಿ," ಎಂದು ಇಟ್ಟರು. ಕೂತು ಕೂತು ಬೇಜಾರಾಗಿರಬೇಕು ಎಂದುಕೊಂಡೆ.

ವೈರ್ ಮತ್ತೆ ಕೂತಿತು. ಅಂಜನ್ ಆ ಒಂದು ಸಾಲು ಹೊಡೆದ. ಆಗ ಪ್ಲಾಟ್‌ಫಾರಂ ಮೇಲೆ ನಿಂತಿದ್ದ ಕುಣಿಗಲ್ ಕಡೆಯ ಮಿನಿ ಲಾರಿಯ ತೂಕ, ಗಾಡಿ ನಂಬರಿನ ಸಮೇತ ತೆರೆಯ ಮೇಲೆ ಬಂದು ಕೂತಿತು. ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಒಂದು ಲೋಟ ಟೀ ಕೊಡೋಣ ಎಂದು ಏಳುತ್ತಿದ್ದೆ. ಅಂಜನ್ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ತೆರೆಗೆ ಮೂಗು ತಾಗಿಸಿದ್ದ.

"ಅಮ್ಮಾ, ಈ ವೈರಲ್ಲಿ ಎಷ್ಟು ಮಿಷನ್ನು?"

"ಎರಡು. ಕ್ಯಾಬಿನ್ನಿಂದು, ಇದು."

"ಮೂರು ಕಾಣ್ತಾ ಐತೆ."

ನಾನು ಮತ್ತೆ ಕೂತೆ. ಅವನು ಬಿಡಿಸಿ ಹೇಳಿದ. ಈ ಹಳೇ ಗುಂಡು ವೈರು ಬಾವಿಕಟ್ಟೆ ಇದ್ದ ಹಾಗೆ, ಒಬ್ಬರು ಆಡಿದ್ದು ಸುತ್ತ ನಿಂತವರಿಗೆಲ್ಲ ಕೇಳಿಸುತ್ತದೆ. ಕ್ಯಾಬಿನ್ನಿನ ಪೆಟ್ಟಿಗೆ ತೂಕವನ್ನೂ ಗಾಡಿ ನಂಬರನ್ನೂ ಕೂಗಿ ಹೇಳುತ್ತದೆ. ಕೇಳಿಸಿಕೊಳ್ಳುವುದಕ್ಕೆ ನಮ್ಮ ಕಂಪ್ಯೂಟರ್ ಇದೆ. ಇನ್ನೊಂದು ಯಾವುದೋ ಮಿಷನ್ನು ಸದ್ದಿಲ್ಲದೆ ಕೂತು ಕೇಳುತ್ತಿದೆ. ಆಗೊಮ್ಮೆ ಈಗೊಮ್ಮೆ ನಾನಿದ್ದೇನೆ ಎಂದು ಕೆಮ್ಮಿದ್ದರಿಂದ ಸಿಕ್ಕಿಬಿತ್ತು.

ನನ್ನ ಮೈಯೆಲ್ಲ ಉರಿಯಿತು. ಜೊತೆಗೆ, ಹೇಳಿಬಿಡುತ್ತೇನೆ, ಗೆದ್ದ ಹಾಗೂ ಆಯಿತು. ಇಷ್ಟು ವರ್ಷ ಜನ ನನ್ನನ್ನು ಅನುಮಾನದ ಪಿಶಾಚಿ ಎಂದಿದ್ದರಲ್ಲ, ನೋಡಿ ಈಗ! ಮರುಕ್ಷಣವೇ ಇನ್ನೊಂದು ಹೊಳೆಯಿತು: ಈ ಮೂರನೆಯದನ್ನು ಇವನೇ ತಂದು ಇಟ್ಟಿದ್ದರೆ? ನಿನ್ನ ಬ್ಯಾಗು ತೋರಿಸು ಎಂದೆ. ಅಂಜನ್ ಬ್ಯಾಗನ್ನು ಮೇಜಿನ ಮೇಲೆ ಮಗುಚಿದ. ಸ್ಕ್ರೂಡ್ರೈವರ್, ವೈರಿನ ತುಂಡು, ಊಟದ ಡಬ್ಬಿ, ಇನ್ನೊಂದಿಷ್ಟು ಹುರಿಗಡಲೆ. ಅಲ್ಲಿಗೆ ಉಳಿದವಳು ಒಬ್ಬಳೇ.

ಕ್ಯಾಬಿನ್ನಿಗೆ ಹೋಗಿ ಬಾಗಿಲಲ್ಲೇ ನಿಂತೆ. "ಎಲ್ಲಿಟ್ಟಿದೀಯ ಅದನ್ನ?"

"ಯಾವ್ದನ್ನ ಅಕ್ಕಾ?" ನೇತ್ರಾವತಿ ಚೀಟಿ ಬರೆಯುತ್ತಿದ್ದವಳು ತಲೆ ಎತ್ತಿದಳು.

"ನಾಟಕ ಆಡ್ಬೇಡ. ವೈರಿಗೆ ಏನೋ ಸಿಗಿಸಿದೀಯ. ಬಸವರಾಜರ ಲೋಡು ಮಂಡಿಗೆ ಹೇಳ್ತಿರೋಳು ನೀನೇ. ನನ್ ಬೋಣಿ ತೂಕಾನೂ ಬಿಡ್ದೆ ಯಜಮಾನ್ರಿಗೆ ಒಪ್ಸಿದೀಯ. ಇವತ್ತೇ ಕೊನೆ, ಕೆಲಸ ಬಿಟ್ಟು ಹೋಗು."

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಸೊಂಟದಿಂದ ಕ್ಯಾಬಿನ್ನಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು.

"ಹೋಗ್ತೀನಿ. ಆದ್ರೆ ಕಳ್ಳಿ ಅನ್ನಿಸ್ಕೊಂಡು ಹೋಗಲ್ಲ. ವೈರ್ ಎಲ್ಲಿಗೆ ಹೋಗ್ತದೋ ಹುಡುಕಿ. ಸಿಗೋವರ್ಗೂ ನಾನು ಪ್ಲಾಟ್‌ಫಾರಂ ಮೇಲೇ ನಿಂತಿರ್ತೀನಿ, ಎಲ್ರೂ ನೋಡೋ ಹಂಗೆ."

ಹೇಳಿದ ಹಾಗೇ ಮಾಡಿದಳು. ಮಿನಿ ಲಾರಿ ಇಳಿದ ಕೂಡಲೇ ಚಪ್ಪಲಿ ಬಿಟ್ಟು, ಸುಡುಬಿಸಿಲಿನಲ್ಲಿ ಹೋಗಿ ನಿಂತುಕೊಂಡಳು. ಆಫೀಸಿನ ತೆರೆಯ ಮೇಲೆ ನಲವತ್ತೈದು ಎಂದು ಬಂತು. ಹಿಂದೆ ನಿಂತಿದ್ದ ಲಾರಿಯವನು ಹಾರನ್ ಹೊಡೆದು ಸುಮ್ಮನಾದ.

ಅಂಜನ್ ಮೇಜಿನ ಕೆಳಗೆ ತೂರಿಕೊಂಡ. ಕಾರ್ಡಿನ ಗುಂಡು ಬಾಯಿಗೆ ಒಂದು ಕವಲು ಇತ್ತು. ಒಂದು ಕಡೆ ಕ್ಯಾಬಿನ್ನಿಂದ ಬಂದ ವೈರು. "ಈ ಕಡೇದು ಎಲ್ಲಿಗೆ ಹೋಗ್ತದೆ?" ಎಂದು ಕೆಳಗಿನಿಂದಲೇ ಕೇಳಿದ.

"ಅದು ಅರ್ಥಿಂಗ್ ವೈರು. ಯಜಮಾನ್ರೇ ಹಾಕ್ಸಿದ್ದು."

"ಅರ್ಥಿಂಗ್ ಅಲ್ಲ ಇದು," ಎಂದ ಅಂಜನ್. ಅವನ ದನಿಯಲ್ಲಿ ಮೊದಲಿನ ತಮಾಷೆ ಇರಲಿಲ್ಲ.

ವೈರು ಆಫೀಸಿನ ಹಿಂಗೋಡೆಯೊಳಗೆ ಹೋಗಿತ್ತು. ನಾವು ಆಚೆ ಬಂದು ನೋಡಿದೆವು. ಗೋಡೆಯಿಂದ ಇಳಿದು, ಕಾಂಪೌಂಡಿನ ಬುಡದಲ್ಲಿ ನನ್ನ ಕರಿಬೇವಿನ ಗಿಡದ ಹಿಂದೆ ಹರಿದು, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಏರಿತ್ತು. ದಿನಾ ನಾನು ಅಲ್ಲೇ ನಿಂತು ಬಟ್ಟೆ ಹಿಂಡುತ್ತೇನೆ. ಅಲ್ಲಿಂದ ಅದು ನಮ್ಮ ಮನೆಯ ಗೋಡೆಯೊಳಗೆ ಹೋಗಿತ್ತು. ಅಂಜನ್ ನನ್ನ ಮುಖ ನೋಡಿದ. ನಾನು ಬಾಗಿಲು ತಳ್ಳಿದೆ.

ನಡುಕೋಣೆಯಲ್ಲಿ ಸ್ವಾಮಿಗಳ ಪ್ರವಚನ ನಡೆಯುತ್ತಿತ್ತು. ಯಜಮಾನರು ಎಂದಿನಂತೆ ಕಂಪ್ಯೂಟರಿನ ಮುಂದೆ ಕೂತಿದ್ದರು. ಆ ವೈರು ಅವರ ಮೇಜಿನ ಹಿಂದೆಯೇ ಹೊರಬಂದಿತ್ತು.

"ರೀ, ಆ ಪ್ರವಚನ ಕೆಳಗಿಳಿಸಿ," ಎಂದೆ.

ನನ್ನನ್ನು ನೋಡಿದರು, ಅಂಜನ್‌ನನ್ನು ನೋಡಿದರು. ಇಳಿಸಿದರು. ಸ್ವಾಮಿಗಳು ಮರೆಯಾಗಿ, ಅಂಗೈಯಗಲದ ಅಂಕಿ ಕಾಣಿಸಿತು. ನಲವತ್ತೈದು.

"ನೇತ್ರಾವತಿ ಯಾಕೆ ನಿಂತವ್ಳೆ ಬಿಸಿಲಲ್ಲಿ?" ಎಂದರು, ಮೆತ್ತಗೆ.

ನಾನು ಕೂಗಿಬಿಟ್ಟೆ. "ನನ್ ಮೇಲೆ ಅನುಮಾನಾನಾ ನಿಮಗೆ?"

"ಕೂತ್ಕೋ ರುದ್ರಿ."

"ಕೂರಲ್ಲ. ಹೇಳಿ."

"ಸುಳ್ಳು ಯಾಕೆ ಹೇಳ್ಲಿ. ಮೊದಮೊದ್ಲು ಹೌದು. ನಿಂಗೆ ಟೋಪಿ ಹಾಕ್ತಾರೇನೋ ಅಂತ. ನೀನೇ ಯಾರಿಗಾದ್ರೂ ಅಯ್ಯೋ ಪಾಪ ಅಂತ ಬಿಟ್ಕೊಟ್ಬುಡ್ತೀಯೇನೋ ಅಂತ. ವೈರು ಕಾಂಕ್ರೀಟ್ ಹಾಕ್ಸೋವಾಗ್ಲೇ ಎಳ್ಸಿದ್ದೆ. ಬಿದ್ಮೇಲೆ ಜೋಡಿಸ್ಕೊಂಡೆ."

ನಾನು ಯಾರಿಗೋ ಅಯ್ಯೋ ಪಾಪ ಅನ್ನುತ್ತೇನಂತೆ! ಅಷ್ಟು ವರ್ಷ ಸಂಸಾರ ಮಾಡಿ ಇವರು ನನ್ನನ್ನು ಅರ್ಥ ಮಾಡಿಕೊಂಡದ್ದು ಇಷ್ಟೇ. "ಬಸವರಾಜರ ಲೋಡು ಮಂಡಿಗೆ ಮುಟ್ಸಿದ್ದು ಯಾರು?"

"ಮಂಡಿಗಾ? ನಾನ್ಯಾಕೆ..." ಎಂದವರು ತಟ್ಟನೆ ಮಾತು ನಿಲ್ಲಿಸಿದರು. ಮುಖ ಬಣ್ಣಗೆಟ್ಟಿತು. "ಶಿವರಾಮಯ್ಯ ದಿನಾ ಫೋನ್ ಮಾಡ್ತಾನಲ್ಲ."

ಶಿವರಾಮಯ್ಯ ಅವರ ಹಳೇ ಗೆಳೆಯ. ಬೆಳಗಾದರೆ ತುಮಕೂರಿನ ಮಂಡಿಯ ಜಗಲಿಯಲ್ಲಿ ಪೇಪರ್ ಓದುತ್ತಾ ಕೂರುವ ಮನುಷ್ಯ.

"ಅವ್ನು ಊರ ಕಥೆಯೆಲ್ಲ ಹೇಳ್ತಾನೆ. ನಂಗೇನೈತೆ ಹೇಳಕ್ಕೆ? ಬಚ್ಚಲಿಗೆ ಹೋಗಿ ಬಂದೆ ಅಂತ ಹೇಳ್ಲಾ? ಇವತ್ತು ಬಸವರಾಜಂದು ಭಾರಿ ಲೋಡು ಬಂದೈತೆ ಕಣಯ್ಯ ಅಂತೀನಿ. ಅಷ್ಟಂದಾಗ ಇನ್ನೂ ಕುರ್ಚೀಲೇ ಕೂತಿದೀನಿ ಅನ್ನಿಸ್ತದೆ." ಮೌಸನ್ನು ದೂರ ತಳ್ಳಿದರು. "ಅವ್ನು ಅಲ್ಲಿ ಒದರ್ತಾನೆ ಅಂತ ಹೊಳೀಲಿಲ್ಲ ರುದ್ರಿ."

ಲಾರಿಗಳ ಹೊಟ್ಟೆಯೊಳಗಿನ ಕಲ್ಲು ಕಾಣುತ್ತಿದ್ದ ಮನುಷ್ಯನಿಗೆ ಇದು ಹೊಳೆಯಲಿಲ್ಲವಂತೆ. ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆ ಐದು ಕೆಜಿ ನೆನಪಾಯಿತು. "ಮತ್ತೆ ನಾನು ಇಳಿದಿರೋದು?"

"ಬೋಣಿ ನೋಡ್ತೀನಲ್ಲ ದಿನಾ. ಲಾರೀದು ತಪ್ಪಿದ್ರೂ ಅದು ತಪ್ಪಲ್ಲ," ಎಂದರು.

ಅಲ್ಲಿ ಇನ್ನೊಂದು ಕ್ಷಣ ನಿಲ್ಲಲಾಗಲಿಲ್ಲ. ನೇತ್ರಾವತಿ ಇನ್ನೂ ಪ್ಲಾಟ್‌ಫಾರಂ ಮೇಲೇ ನಿಂತಿದ್ದಳು, ಒಂದು ಕಾಲು ಬದಲಿಸಿ ಇನ್ನೊಂದು ಕಾಲು ಊರುತ್ತ. ನಾಚಿಕೆಯಿಂದ ನನ್ನ ಕಣ್ಣು ಮೇಲೇಳಲಿಲ್ಲ.

"ಇಳಿ ನೇತ್ರಾ. ಸಿಕ್ತು. ನಮ್ಮನೇಲೇ."

"ಯಾರು?"

"ಯಜಮಾನ್ರು. ತಪ್ಪಾಯ್ತು ಕಣಮ್ಮ. ನಂದೇ ತಪ್ಪು."

"ಮೊದ್ಲು ನೀರ್ ಕೊಡಿ, ತಲೆ ಸುತ್ತೈತೆ," ಎಂದಳು. ನೀರು ಕುಡಿದು, ಮುಖ ತೊಳೆದು, ನಾನು ಚಾಚಿದ ಬೀಗದ ಕೈಯನ್ನು ತೆಗೆದುಕೊಂಡಳು. ಆದರೆ ಆ ದಿನವೆಲ್ಲ ನನ್ನ ಜೊತೆ ಮಾತಾಡಲಿಲ್ಲ.

ಬಸವರಾಜರಿಗೆ ಫೋನ್ ಮಾಡಿದೆ. ಬೇರೆ ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು, ಕಂಪ್ಯೂಟರಿನ ಮೇಲೆ ಹಾಕಬಹುದಿತ್ತು. ಹಾಕಲಿಲ್ಲ. ತೂತು ನಮ್ಮ ಮನೆಯಲ್ಲೇ ಇತ್ತು, ಯಜಮಾನರು ಗೆಳೆಯನ ಹತ್ತಿರ ಆಡಿದ ಮಾತು, ಇವತ್ತೇ ಮುಚ್ಚುತ್ತೇನೆ ಎಂದೆ.

"ಪಾಪ ಆ ಹುಡ್ಗಿ ಮೇಲೆ ಹಾಕ್ತೀರೇನೋ ಅನ್ಕೊಂಡಿದ್ದೆ," ಎಂದರು ಬಸವರಾಜ್. "ನಾಳೆ ಲಾರಿ ಕಳ್ಸ್ತೀನಿ."

ಮನೆಯ ಕಡೆಯ ವೈರನ್ನು ಕವಲಿನಿಂದ ಕಿತ್ತುಬಿಡು ಎಂದು ಅಂಜನ್‌ಗೆ ಹೇಳಿದೆ. ಕಿತ್ತ. ಆ ಬಾಯಿಗೆ ಒಂದು ಮುಚ್ಚಳ ತಿರುಗಿಸಿದ. ಅವನ ಪೆನ್‌ಡ್ರೈವನ್ನೂ ವಾಪಸ್ ಕೊಟ್ಟೆ.

ಅಂದುಕೊಂಡಿದ್ದಷ್ಟು ಸಮಾಧಾನ ಆಗಲಿಲ್ಲ. ಯಜಮಾನರು ಜಗಳವಾಡಲಿಲ್ಲ. ಶಿವರಾಮಯ್ಯನ ಫೋನು ಬಂದರೆ ಎತ್ತಲಿಲ್ಲ. ಪ್ರವಚನ ಹಾಕಲಾ ಎಂದರೆ ಬೇಡ ಎನ್ನುತ್ತಿದ್ದರು. ಕಪ್ಪು ತೆರೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ಊಟಕ್ಕೆ ಹೋದಾಗ ಒಂದೇ ಮಾತು ಕೇಳುತ್ತಿದ್ದರು, "ಬೋಣಿ ಎಷ್ಟು ಬಂತು?" ನಾನು "ಸರಿಯಾಗೈತೆ" ಎನ್ನುತ್ತಿದ್ದೆ. ಅವರು ನಂಬಿದ ಹಾಗೆ ತಲೆ ಆಡಿಸುತ್ತಿದ್ದರು. ಸಿಟ್ಟು ಇನ್ನೂ ಇತ್ತು, ಆದರೆ ಅದನ್ನು ಅವರ ಮುಂದೆ ತೋರಿಸಲು ಆಗುತ್ತಿರಲಿಲ್ಲ.

ಅಂಜನ್‌ಗೆ ಫೋನ್ ಮಾಡಿ ಕೇಳಿದೆ: ಲಾರಿಯ ತೂಕ ಒಳಗೆ ಹೋಗಬಾರದು, ಬೋಣಿ ತೂಕ ಮಾತ್ರ ಹೋಗಬೇಕು, ಆಗುತ್ತದಾ?

"ಆಗ್ದೆ ಏನು," ಎಂದ. "ಅಂಥದ್ದೇ ಇನ್ನೊಂದು ಗುಂಡು ಬಾಯಿ ಕಾರ್ಡು ಬೇಕು. ನಮ್ ಫ್ಯಾಕ್ಟರಿ ಸ್ಕ್ರಾಪಲ್ಲಿ ಬಿದ್ದೈತೆ, ಕೇಳ್ಕೊಂಡು ತರ್ತೀನಿ."

ಮುಂದಿನ ರಜೆಯ ದಿನ ತಂದ. ಆಫೀಸಿನ ಕಂಪ್ಯೂಟರಿಗೆ ಅದನ್ನೂ ಹಾಕಿ, ಮನೆಯ ವೈರನ್ನು ಅದಕ್ಕೆ ಸಿಗಿಸಿದ. ಡ್ರೈವರ್ ಮೊದಲೇ ಕಟ್ಟಿ ಇಟ್ಟಿದ್ದರಿಂದ ಈ ಕಾರ್ಡು ತಕರಾರಿಲ್ಲದೆ ಎದ್ದಿತು. ಇನ್ನು ಮೇಲೆ ಕ್ಯಾಬಿನ್ನಿನ ಕೂಗು ನೇರವಾಗಿ ಮನೆಗೆ ಹೋಗುವುದಿಲ್ಲ. ನಮ್ಮ ಕಂಪ್ಯೂಟರ್ ಬಾಗಿಲಲ್ಲಿ ಕೂತು, ಬಿಡಬೇಕಾದ್ದನ್ನು ಮಾತ್ರ ಬಿಡುತ್ತದೆ.

"ಏನಂತ ಬರೀಲಿ?" ಎಂದ.

"ನೂರು ಕೆಜಿ ಒಳಗಿಂದು ಮಾತ್ರ ಬಿಡು. ಲಾರಿ ಯಾವ್ದೂ ಅಷ್ಟು ಹಗುರ ಇರಲ್ಲ."

"ಓದ್ಲಾ, ಏನ್ ಬರ್ದೆ ಅಂತ?"

"ಬೇಡ ಬುಡು," ಎಂದೆ. ಅವನು ಹುರಿಗಡಲೆ ಕೈಯಲ್ಲೇ ಹಿಡಿದು ನನ್ನನ್ನೇ ನೋಡಿದ.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಬಂದೆ. ಆಫೀಸಿನ ಮೂಲೆಯಲ್ಲಿ ಹಳೇ ತಕ್ಕಡಿಯ ಕಬ್ಬಿಣದ ಬಟ್ಟುಗಳಿದ್ದವು. ಐದು ಕೆಜಿಯದನ್ನು ಎತ್ತಿಕೊಂಡು, ಸೆರಗಿನೊಳಗೆ ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ. ಯಾಕೆ ಎಂದು ಕೇಳಿದರೆ ಇಷ್ಟೇ: ಒಂದು ವಾರದಿಂದ ಏನೂ ಕಾಣದೆ ಕೂತಿದ್ದ ಮನುಷ್ಯ, ಮೊದಲ ದಿನವೇ ಒಳ್ಳೆಯ ಅಂಕಿ ನೋಡಲಿ. ಚಪ್ಪಲಿ ಬಿಟ್ಟು ಪ್ಲಾಟ್‌ಫಾರಂ ಹತ್ತಿದೆ. ನಮ್ಮ ವೇಬ್ರಿಡ್ಜಿನವರೇ ಸುಳ್ಳು ತೂಕಕ್ಕೆ ನಿಂತದ್ದು ಅದೇ ಮೊದಲು. ಕ್ಯಾಬಿನ್ನಿನ ಕಿಟಕಿಯಿಂದ ನೇತ್ರಾವತಿ ನನ್ನ ಸೆರಗಿನ ಉಬ್ಬನ್ನು ನೋಡಿದಳು. ಮುಖ ಆ ಕಡೆ ತಿರುಗಿಸಿಕೊಂಡು ಅಂಕಿ ಓದಿದಳು.

"ಅರವತ್ತು."

ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಫೋನು ಬಡಿದುಕೊಂಡಿತು. ಒಂದು ಕೈಯಲ್ಲಿ ಬಟ್ಟನ್ನು ತಬ್ಬಿಕೊಂಡು ಇನ್ನೊಂದರಲ್ಲಿ ಎತ್ತಿದೆ.

"ಬೋಣಿ ಬಂತು," ಎಂದರು ಯಜಮಾನರು.

"ಎಷ್ಟೈತೆ?"

"ಅರವತ್ತು."

"ನೋಡಿ ಮತ್ತೆ. ಚೆನ್ನಾಗಿ ತಿಂತಿದೀನಿ, ಡಾಕ್ಟ್ರೂ ಬೇಡ ಏನೂ ಬೇಡ."

ಬಟ್ಟು ಜಾರುತ್ತಿತ್ತು, ಸೆರಗಿನೊಳಗೇ ಇನ್ನಷ್ಟು ಒತ್ತಿ ಹಿಡಿದೆ.

"ರುದ್ರಿ," ಎಂದರು, ದನಿ ಏರಿಸದೆ. "ಒಳಗಿರೋದನ್ನ ಕೆಳಗಿಟ್ಟು ಇನ್ನೊಂದ್ಸಲ ಹತ್ತು."

ನಾನು ಇಳಿದೆ. ಬಟ್ಟನ್ನು ನೇತ್ರಾವತಿಯ ಕೈಗೆ ಕೊಟ್ಟೆ, ಜೊತೆಗೆ ಆಫೀಸಿನ ಬೀಗದ ಕೈಯನ್ನೂ ಕೊಟ್ಟು, ತುಮಕೂರಿಗೆ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿದೆ. ಆಮೇಲೆ ಬರಿಗೈಯಲ್ಲಿ ಮತ್ತೆ ಹತ್ತಿ ನಿಂತೆ.